ಜೀನ್ ಮೈಯೆಲ್ಲಾ ಇದೆ, ಕಾಯಿಲೆ ರಕ್ತದಲ್ಲಿ ಮಾತ್ರ ಯಾಕೆ? ಮುಚ್ಚಿದ ಜೀನ್ ತೆರೆಯುವ ಪುಡಿ ಕೊಡಬಹುದಾ?

ಪ್ರಶ್ನೆ: ನನ್ನ ಮಗಳಿಗೆ ನಾಲ್ಕು ವರ್ಷ. ಎಂಟು ತಿಂಗಳಿದ್ದಾಗ ಬೀಟಾ ಥಲಸ್ಸೀಮಿಯಾ ಮೇಜರ್ ಅಂತ ಗೊತ್ತಾಯಿತು. ಮೂರು ವಾರಕ್ಕೊಮ್ಮೆ ರಕ್ತ ಹಾಕಿಸುತ್ತಿದ್ದೇವೆ. ಈಚೆಗೆ ಜೀನ್ ಟೆಸ್ಟ್ ಮಾಡಿಸಿದಾಗ ರಕ್ತ ತೆಗೆಯಲಿಲ್ಲ, ಕೆನ್ನೆಯ ಒಳಗೆ ಹತ್ತಿಕಡ್ಡಿಯಿಂದ ಉಜ್ಜಿ ಕಳಿಸಿದರು. ಅದರಲ್ಲೂ ದೋಷ ಇದೆ ಅಂತ ವರದಿ ಬಂತು. ರಕ್ತದ ಕಾಯಿಲೆ ಕೆನ್ನೆಗೂ ಬಂತಾ? ಇನ್ನು ಲಿವರ್, ಮಿದುಳಿಗೂ ಹೋಗುತ್ತೆ ಅಂತ ಅತ್ತೆ ಅಳುತ್ತಿದ್ದಾರೆ. ಪರಿಚಯದವರೊಬ್ಬರು ‘ಮುಚ್ಚಿಹೋದ ಜೀನ್ ತೆರೆಯುವ ಪುಡಿ’ ತಂದುಕೊಟ್ಟಿದ್ದಾರೆ. ತಿಂಗಳಿಗೆ ಆರು ಸಾವಿರ ರೂಪಾಯಿ. ಜೊತೆಗೆ ತುಪ್ಪ ಜಾಸ್ತಿ ಕೊಡಿ, ಅದರಲ್ಲಿರುವ ಬ್ಯುಟಿರೇಟ್ ಜೀನ್ ತೆರೆಯುತ್ತೆ, ಆರು ತಿಂಗಳಲ್ಲಿ ರಕ್ತ ಹಾಕಿಸುವುದೇ ಬೇಡ ಅನ್ನುತ್ತಾರೆ. ಹುಟ್ಟಿದಾಗ ಮಗು ಗುಂಡುಗುಂಡಗೆ ಚೆನ್ನಾಗಿತ್ತು. ಆಗ ಇದ್ದ ಒಳ್ಳೆಯ ರಕ್ತ ಎಲ್ಲಿ ಹೋಯಿತು? ಇನ್ನೊಂದು ಮಗು ಬೇಕು ಅಂತಲೂ ಇದ್ದೇವೆ, ಭಯ ಆಗುತ್ತೆ.

ಉತ್ತರ:

ಕೆನ್ನೆಗೆ ಕಾಯಿಲೆ ಬಂದಿಲ್ಲ. ಮಿದುಳಿಗೂ ಹೋಗುವುದಿಲ್ಲ. ಇದನ್ನು ಇವತ್ತೇ ನಿಮ್ಮ ಅತ್ತೆಗೆ ಹೇಳಿ, ಮಿಕ್ಕಿದ್ದನ್ನು ಆಮೇಲೆ ಓದಿ.

ನಿಮ್ಮ ಪ್ರಶ್ನೆಗಳು ಬೇರೆ ಬೇರೆ ಅನಿಸಿದರೂ ಬೇರು ಒಂದೇ. ಜೀನ್ ಎಲ್ಲ ಕಡೆ ಇದ್ದರೆ ಅದು ಒಂದೇ ಕಡೆ ಯಾಕೆ ಕೆಲಸ ಮಾಡುತ್ತೆ? ಬೇರೆ ಕಡೆ ಅದನ್ನು ಮುಚ್ಚಿದ್ದು ಯಾರು, ಹೇಗೆ? ಇದು ಅರ್ಥವಾದರೆ ಆ ಪುಡಿಯ ವಿಷಯ ತಾನಾಗಿಯೇ ತಿಳಿಯುತ್ತದೆ.

ನಿಮ್ಮಿಂದ ಒಂದು ಪ್ರತಿ, ನಿಮ್ಮ ಯಜಮಾನರಿಂದ ಒಂದು ಪ್ರತಿ, ಹೀಗೆ ದೋಷ ಇರುವ ಎರಡು ಬೀಟಾ ಜೀನ್ (ರಕ್ತ ಕೆಂಪಾಗಿಸುವ ಹಿಮೋಗ್ಲೋಬಿನ್‌ನ ಒಂದು ಭಾಗ ಮಾಡುವ ಜೀನ್) ಸೇರಿ ನಿಮ್ಮ ಮಗಳ ಮೊದಲ ಜೀವಕೋಶ ಆಯಿತು. ಅದೇ ಒಂದು ಕೋಶ ಎರಡಾಗಿ, ನಾಲ್ಕಾಗಿ, ಪ್ರತಿ ಸಲವೂ ಡಿಎನ್‌ಎಯನ್ನು ಪೂರ್ತಿ ನಕಲು ಮಾಡಿಕೊಂಡು ಕೆನ್ನೆ, ಮೂಳೆ, ಕಣ್ಣು ಎಲ್ಲ ಆದವು. ಹಾಗಾಗಿ ಆ ದೋಷ ಅವಳ ಕೆನ್ನೆಯಲ್ಲೂ ಇದೆ, ಕೂದಲ ಬುಡದಲ್ಲೂ ಇದೆ. ಈಗ ಹೊಸದಾಗಿ ಬಂದದ್ದಲ್ಲ. ವರದಿಯಲ್ಲಿ ‘ಐವಿಎಸ್ 1-5’ ಅಂತ ಬರೆದಿದ್ದರೆ ಅದಕ್ಕೂ ಗಾಬರಿ ಬೇಡ, ನಮ್ಮ ದೇಶದಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಣುವ ಬೀಟಾ ದೋಷ ಅದು. ಒಂದೇ ಒಂದು ಅಕ್ಷರದ ವ್ಯತ್ಯಾಸ.

ಹಾಗಾದರೆ ರಕ್ತ ಬಿಟ್ಟು ಕೆನ್ನೆ ಯಾಕೆ ಉಜ್ಜಿದರು? ನಾನು ಲ್ಯಾಬಿನಲ್ಲಿ ಹೊಸಬರಿಗೆ ಮೊದಲು ತೋರಿಸುವುದೇ ಇದನ್ನು. ರಕ್ತದ ಟ್ಯೂಬನ್ನು ಯಂತ್ರದಲ್ಲಿ ಹಾಕಿ ಜೋರಾಗಿ ತಿರುಗಿಸಿದರೆ ಮೇಲೆ ಹಳದಿ ನೀರು ನಿಲ್ಲುತ್ತದೆ, ಕೆಳಗೆ ಕಡುಕೆಂಪು ಕೂರುತ್ತದೆ. ಎರಡರ ನಡುವೆ ಕಾಯಿಸಿದ ಹಾಲಿನ ಕೆನೆಯಷ್ಟು ತೆಳ್ಳಗೆ ಒಂದು ಬಿಳಿ ಪದರ. ಡಿಎನ್‌ಎ ತೆಗೆಯುವುದು ಆ ಬಿಳಿ ಪದರದಿಂದ, ಅಂದರೆ ಬಿಳಿ ರಕ್ತಕಣಗಳಿಂದ. ಅದಕ್ಕೆ ತಣ್ಣನೆಯ ಆಲ್ಕೋಹಾಲ್ ಹಾಕಿದಾಗ ನೂಲಿನ ಎಳೆಯಂಥದ್ದು ತೇಲಿ ಬರುತ್ತದೆ, ಅದೇ ಡಿಎನ್‌ಎ. ಕೆಂಪು ಕಣದಲ್ಲಿ ಅದು ಸಿಗುವುದೇ ಇಲ್ಲ, ಬಲಿಯುವ ಹೊತ್ತಿಗೆ ಕೆಂಪು ಕಣ ಡಿಎನ್‌ಎ ಇರುವ ತನ್ನ ಕೋಶಕೇಂದ್ರವನ್ನೇ ಹೊರಗೆ ಹಾಕಿಬಿಟ್ಟಿರುತ್ತದೆ. ಇಷ್ಟು ವರ್ಷ ಎಲ್ಲರ ‘ಹಿಮೋಗ್ಲೋಬಿನ್ ಜೀನ್’ ಓದಿದ್ದು ಹಿಮೋಗ್ಲೋಬಿನ್ ಮಾಡದೇ ಇರುವ ಬಿಳಿ ಕಣದಿಂದ! ನಿಮ್ಮ ಮಗಳಿಗೆ ಆಗಾಗ ಬೇರೆಯವರ ರಕ್ತ ಹಾಕುವುದರಿಂದ ದಾನಿಯ ಬಿಳಿ ಕಣ ಬೆರೆತು ವರದಿ ಗೊಂದಲ ಆಗಬಾರದು ಅಂತ ಕೆನ್ನೆಯಿಂದ ತೆಗೆದಿರುತ್ತಾರೆ. ಒಳ್ಳೆಯ ಕೆಲಸವನ್ನೇ ಮಾಡಿದ್ದಾರೆ.

ಈಗ ಮುಚ್ಚುವ ವಿಷಯ.

ಮನುಷ್ಯನಲ್ಲಿ ಪ್ರೋಟೀನ್ ಮಾಡುವ ಜೀನ್‌ಗಳು ಸುಮಾರು 20,000. ಒಂದೊಂದು ಕೋಶದಲ್ಲೂ ಡಿಎನ್‌ಎ ಎಳೆಯನ್ನು ಬಿಡಿಸಿ ಹಿಡಿದರೆ ಹೆಚ್ಚುಕಡಿಮೆ ಎರಡು ಮೀಟರ್ ಆಗುತ್ತದೆ. ಅಷ್ಟು ಉದ್ದದ್ದು ಕಣ್ಣಿಗೆ ಕಾಣದಷ್ಟು ಪುಟ್ಟ ಕೋಶಕೇಂದ್ರದೊಳಗೆ ಕೂತಿದೆ. ಹಿಸ್ಟೋನ್ ಅನ್ನುವ ಪ್ರೋಟೀನ್ ಉಂಡೆಗಳಿಗೆ ಅದನ್ನು ಸುತ್ತಿಡಲಾಗಿದೆ. ಬೀರುವಿನಲ್ಲಿ ಮಡಿಸಿಟ್ಟ ರೇಷ್ಮೆ ಸೀರೆ ನೆನೆಸಿಕೊಳ್ಳಿ. ಸೆರಗಿನ ಕಸೂತಿ ಸೀರೆಯಲ್ಲಿ ಇದ್ದೇ ಇದೆ, ಆದರೆ ಮಡಿಕೆ ಬಿಚ್ಚದೆ ಕಾಣುವುದಿಲ್ಲ. ಜೀನ್ ಕೂಡ ಹಾಗೇ. ಕೆನ್ನೆಯ ಕೋಶದಲ್ಲಿ ಬೀಟಾ ಜೀನ್ ಮಡಿಕೆಯ ಒಳಗಿದೆ. ಮೂಳೆಯ ಮಜ್ಜೆಯಲ್ಲಿ ಕೆಂಪು ಕಣ ಆಗಲು ಹೊರಟ ಕೋಶದಲ್ಲಿ ಅದೇ ಜಾಗ ಬಿಚ್ಚಿಕೊಂಡಿದೆ.

ಇದು ಬರೀ ಹೋಲಿಕೆ ಅಲ್ಲ, ಕಣ್ಣಾರೆ ತೋರಿಸಿದ್ದಾರೆ. 1976ರಲ್ಲಿ ಹೆರಾಲ್ಡ್ ವೈನ್‌ಟ್ರಾಬ್ ಮತ್ತು ಮಾರ್ಕ್ ಗ್ರೌಡೀನ್ ಅನ್ನುವವರು ಕೋಳಿಯ ಕೋಶಗಳನ್ನು ತೆಗೆದುಕೊಂಡರು. ಕೋಳಿಯ ಕೆಂಪು ಕಣಕ್ಕೆ ಕೋಶಕೇಂದ್ರ ಇರುತ್ತದೆ, ಅದೇ ಅನುಕೂಲ. ಡಿಎನ್‌ಎಯನ್ನು ಕತ್ತರಿಸುವ ಒಂದು ಕಿಣ್ವ ಹಾಕಿದರು. ಕೆಂಪು ಕಣದಲ್ಲಿ ಗ್ಲೋಬಿನ್ ಜೀನ್ (ಹಿಮೋಗ್ಲೋಬಿನ್‌ನ ಭಾಗ ಮಾಡುವ ಜೀನ್) ಬೇಗನೆ ತುಂಡಾಯಿತು, ಯಾಕೆಂದರೆ ಅಲ್ಲಿ ಮಡಿಕೆ ಸಡಿಲವಾಗಿತ್ತು. ಬೇರೆ ಬಗೆಯ ಕೋಶದಲ್ಲಿ ಅದೇ ಜೀನ್‌ಗೆ ಕಿಣ್ವದ ಬಾಯಿ ಅಷ್ಟು ಸುಲಭಕ್ಕೆ ತಾಗಲಿಲ್ಲ. ಜೀನ್ ಒಂದೇ, ಇಟ್ಟಿರುವ ರೀತಿ ಬೇರೆ.

ಮುಚ್ಚಿಡಲು ಮೈಗೆ ಒಂದೇ ಉಪಾಯ ಇಲ್ಲ, ಮೂರು ಹಂತ ಇದೆ ಅಂದುಕೊಳ್ಳಿ. ಮೊದಲನೆಯದು, ಬೀಗದ ಕೈಯೇ ಇಲ್ಲದಿರುವುದು. ಬೀಟಾ ಜೀನ್ ಚಾಲೂ ಆಗಲು ಗಾಟಾ-1, ಕೆಎಲ್ಎಫ್-1 ಅನ್ನುವ ಪ್ರೋಟೀನ್‌ಗಳು ಬಂದು ಕೂರಬೇಕು. ಕೆಂಪು ಕಣದ ವಂಶದಲ್ಲಿ ಅವು ಧಾರಾಳ, ಕೆನ್ನೆಯಲ್ಲಿ ಇಲ್ಲ. ಎರಡನೆಯದು ಚಿಲಕ. ಪಾಲಿಕೋಂಬ್ ಅನ್ನುವ ಪ್ರೋಟೀನ್ ಗುಂಪು ಹಿಸ್ಟೋನ್ ಮೇಲೆ ಒಂದು ಗುರುತು ಹಾಕಿ ಆ ಜಾಗವನ್ನು ಸುಮ್ಮನಿರಿಸುತ್ತದೆ, ಬೇಕಾದಾಗ ಸರಿಸಬಹುದು. ಮೂರನೆಯದು ಬೀಗ. ಡಿಎನ್‌ಎಯ ‘ಸಿ’ ಅಕ್ಷರದ ಮೇಲೆಯೇ ಮೀಥೈಲ್ ಅನ್ನುವ ಪುಟ್ಟ ತುಣುಕು ಅಂಟಿಕೊಳ್ಳುತ್ತದೆ. ಅದು ಗಟ್ಟಿ. ಕೋಶ ಒಡೆದು ಎರಡಾಗುವಾಗ ಹಳೆ ಎಳೆಯ ಮೇಲಿನ ಗುರುತು ನೋಡಿಕೊಂಡು ಹೊಸ ಎಳೆಗೂ ಅದೇ ಗುರುತು ಹಾಕುವ ಕಿಣ್ವ ಒಂದಿದೆ. ಅದಕ್ಕೇ ಗಾಯ ಮಾಯುವಾಗ ಚರ್ಮದಿಂದ ಚರ್ಮವೇ ಬರುತ್ತದೆ, ನಡುವೆ ಎಲ್ಲೋ ಒಂದು ಚೂರು ಲಿವರ್ ಬೆಳೆಯುವುದಿಲ್ಲ.

ನನಗೆ ಇಷ್ಟವಾದ ಒಂದು ಸಂಗತಿ ಹೇಳಿಬಿಡುತ್ತೇನೆ. ಹಿಮೋಗ್ಲೋಬಿನ್‌ಗೆ ಆಲ್ಫಾ, ಬೀಟಾ ಎರಡೂ ಬೇಕು, ಗಂಡ ಹೆಂಡತಿ ಇದ್ದ ಹಾಗೆ. ಆಲ್ಫಾ ಜೀನ್‌ಗಳು 16ನೇ ಕ್ರೋಮೋಸೋಮಿನಲ್ಲಿ, ಬೀಟಾ 11ರಲ್ಲಿ. ಇಷ್ಟು ಜೊತೆಯಾಗಿ ದುಡಿಯುವ ಈ ಎರಡನ್ನು ಬೇರೆ ಕೋಶಗಳಲ್ಲಿ ಮುಚ್ಚಿರುವ ರೀತಿ ಮಾತ್ರ ಒಂದೇ ಅಲ್ಲ. ಆಲ್ಫಾಗೆ ಹೆಚ್ಚಾಗಿ ಪಾಲಿಕೋಂಬ್ ಚಿಲಕ, ಬೀಟಾಗೆ ಮೀಥೈಲ್ ಬೀಗ ಮತ್ತು ಬಿಗಿ ಮಡಿಕೆ. ಒಂದೇ ಕೀಲಿಯಿಂದ ಎಲ್ಲ ತೆರೆಯುತ್ತೆ ಅನ್ನುವ ಮಾತು ಇಲ್ಲೇ ಬಿದ್ದುಹೋಗುತ್ತದೆ, ಅಲ್ವಾ? ಮುಚ್ಚಿದ್ದು ನೂರಕ್ಕೆ ನೂರು ಅಂತಲೂ ಅಲ್ಲ. ಕೆಲವು ನರಕೋಶಗಳಲ್ಲಿ, ರಕ್ತನಾಳದ ಒಳಪದರದಲ್ಲಿ ಒಂದಿಷ್ಟು ಗ್ಲೋಬಿನ್ ಕಂಡಿದ್ದಾರೆ. ಆದರೆ ಅದು ನಿಮ್ಮ ಮಗಳ ಕಾಯಿಲೆಗೆ ಸಂಬಂಧಪಟ್ಟದ್ದಲ್ಲ.

ಹಾಗಾಗಿ ಮಿದುಳಿನ ಕೋಶದಲ್ಲಿ ಬೀಟಾ ದೋಷ ಇದ್ದರೂ ತೊಂದರೆ ಇಲ್ಲ. ತೆರೆಯದ ಪುಟದಲ್ಲಿ ಅಚ್ಚಿನ ತಪ್ಪು ಇದ್ದರೆ ಓದುವವರಿಗೇನು? ಲಿವರ್ ವಿಷಯದಲ್ಲಿ ಅತ್ತೆಯ ಭಯ ಪೂರ್ತಿ ಸುಳ್ಳಲ್ಲ, ಆದರೆ ಕಾರಣ ಬೇರೆ. ಒಂದು ಬಾಟಲಿ ರಕ್ತದ ಜೊತೆ 200ರಿಂದ 250 ಮಿಲಿಗ್ರಾಂ ಕಬ್ಬಿಣ ಮೈ ಸೇರುತ್ತದೆ. ಮೈ ದಿನಕ್ಕೆ ಒಂದೆರಡು ಮಿಲಿಗ್ರಾಂಗಿಂತ ಹೆಚ್ಚು ಕಬ್ಬಿಣ ಹೊರಹಾಕಲಾರದು. ಉಳಿದದ್ದು ಲಿವರ್, ಹೃದಯ, ಗ್ರಂಥಿಗಳಲ್ಲಿ ಕೂರುತ್ತದೆ. ಅವುಗಳಿಗೆ ಪೆಟ್ಟು ಕೊಡುವುದು ಆ ಕಬ್ಬಿಣ, ಜೀನ್ ಅಲ್ಲ.

‘ಹುಟ್ಟಿದಾಗ ಇದ್ದ ಒಳ್ಳೆಯ ರಕ್ತ ಎಲ್ಲಿ ಹೋಯಿತು’ ಅಂತ ಕೇಳಿದ್ದೀರಲ್ಲ, ಇಡೀ ಕಾಗದದಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಅದು. ದೊಡ್ಡ ದೊಡ್ಡ ವಿಜ್ಞಾನಿಗಳು ದಶಕಗಟ್ಟಲೆ ಬೆನ್ನು ಹತ್ತಿದ್ದೂ ಇದೇ ಪ್ರಶ್ನೆಯನ್ನು.

ಹೊಟ್ಟೆಯಲ್ಲಿರುವಾಗ ಮಗು ಬೀಟಾ ಬಳಸುವುದು ಕಡಿಮೆ. ಅದರ ಪಕ್ಕದಲ್ಲೇ, ಅದೇ 11ನೇ ಕ್ರೋಮೋಸೋಮಿನಲ್ಲಿ, ಗಾಮಾ ಅನ್ನುವ ಜೀನ್ ಇದೆ. ಗಾಮಾ ಮತ್ತು ಆಲ್ಫಾ ಸೇರಿದರೆ ಗರ್ಭದ ಹಿಮೋಗ್ಲೋಬಿನ್. ಹುಟ್ಟುವ ಹೊತ್ತಿಗೆ ಮಗುವಿನ ಹಿಮೋಗ್ಲೋಬಿನ್‌ನಲ್ಲಿ ಬಹುಪಾಲು ಇದೇ ಇರುತ್ತದೆ. ಆಮೇಲೆ ತಿಂಗಳು ತಿಂಗಳು ಗಾಮಾ ಮುಚ್ಚುತ್ತಾ ಬೀಟಾ ತೆರೆಯುತ್ತದೆ. ವರ್ಷ ತುಂಬುವ ಹೊತ್ತಿಗೆ ಗಾಮಾದ ಪಾಲು ನೂರಕ್ಕೆ ಒಂದೆರಡು ಉಳಿಯುತ್ತದೆ ಅಷ್ಟೇ. ನಿಮ್ಮ ಮಗಳಿಗೆ ಹುಟ್ಟಿದಾಗ ಗಾಮಾ ಸರಿಯಾಗಿ ಕೆಲಸ ಮಾಡುತ್ತಿತ್ತು. ಅದು ಮುಚ್ಚಿತು, ಬೀಟಾ ಬರಲಿಲ್ಲ. ಎಂಟು ತಿಂಗಳಲ್ಲಿ ಬಿಳಚಿಕೊಂಡದ್ದು ಅದಕ್ಕೇ. ನಿಮ್ಮ ಆರೈಕೆಯಲ್ಲಿ ಏನೂ ತಪ್ಪಿರಲಿಲ್ಲ, ಇದನ್ನು ದಯವಿಟ್ಟು ನಂಬಿ.

ಆ ಗಾಮಾ ಜೀನ್ ಈಗಲೂ ಅವಳ ಮಜ್ಜೆಯಲ್ಲಿ ಇದೆ, ಸರಿಯಾಗಿಯೇ ಇದೆ. ಮುಚ್ಚಿದೆ ಅಷ್ಟೇ. ಪುಡಿ ಮಾರುವವರು ಹಿಡಿದುಕೊಂಡಿರುವ ಎಳೆ ಇದೇ. ಮುಚ್ಚಿದ ಜೀನ್ ಮತ್ತೆ ತೆರೆಯಬಹುದು ಅನ್ನುವುದು ಸುಳ್ಳಲ್ಲ. ಜಾನ್ ಗರ್ಡನ್ 1962ರಲ್ಲಿ ಗೊದಮೊಟ್ಟೆಯ ಕರುಳಿನ ಕೋಶಕೇಂದ್ರವನ್ನು ಕಪ್ಪೆಯ ಮೊಟ್ಟೆಗೆ ಹಾಕಿ ಪೂರ್ತಿ ಗೊದಮೊಟ್ಟೆ ಬೆಳೆಸಿ ತೋರಿಸಿದರು. 1996ರಲ್ಲಿ ಕೆಚ್ಚಲಿನ ಕೋಶದಿಂದ ಡಾಲಿ ಕುರಿ ಹುಟ್ಟಿತು. ಮುಚ್ಚಿದ್ದು ಅಳಿಸಿಹೋಗಿರುವುದಿಲ್ಲ.

ಆದರೆ ತೆರೆಯುವುದು ಎಲ್ಲಿ, ಯಾವುದನ್ನು? 1979ರಲ್ಲಿ ಶರ್ಲಿ ಟೇಲರ್ ಮತ್ತು ಪೀಟರ್ ಜೋನ್ಸ್ ಇಲಿಯ ಕೋಶಗಳಿಗೆ ಅಜಾಸಿಟಿಡೀನ್ ಅನ್ನುವ ಔಷಧಿ ಹಾಕಿದರು. ಅದು ಮೀಥೈಲ್ ಬೀಗಗಳನ್ನು ತೆಗೆಯುವಂಥದ್ದು. ತಟ್ಟೆಯಲ್ಲಿದ್ದ ಸಾಧಾರಣ ಕೋಶಗಳಲ್ಲಿ ಕೆಲವು ಮಾಂಸಖಂಡವಾಗಿ ಮಿಡಿಯತೊಡಗಿದವು, ಕೆಲವು ಕೊಬ್ಬಿನ ಕೋಶ ಆದವು, ಕೆಲವು ಮೃದ್ವಸ್ಥಿ ಆದವು. ಬೀಗ ತೆಗೆಯುವ ಔಷಧಿಗೆ ಯಾವ ಕೋಣೆ ಅನ್ನುವುದು ಗೊತ್ತಿಲ್ಲ, ಸಿಕ್ಕ ಸಿಕ್ಕ ಬಾಗಿಲನ್ನೆಲ್ಲ ತೆರೆಯುತ್ತದೆ. 1982ರಲ್ಲಿ ಅದೇ ಔಷಧಿಯನ್ನು ತೀವ್ರ ಬೀಟಾ ಥಲಸ್ಸೀಮಿಯಾ ಇದ್ದ ರೋಗಿಗೆ ಕೊಟ್ಟು ನೋಡಿದರು. ಗಾಮಾ ಏರಿತು, ನಿಜ. ಆದರೆ ಅದು ಮಜ್ಜೆಯನ್ನೇ ಕುಗ್ಗಿಸುವ ಔಷಧಿ, ಈಗ ಬಳಸುವುದು ಕೆಲವು ರಕ್ತದ ಕ್ಯಾನ್ಸರ್‌ಗಳಿಗೆ. ಆ ಪುಡಿ ನಿಜವಾಗಿಯೂ ಮೈಯೆಲ್ಲಾ ಜೀನ್ ತೆರೆಯುವಂಥದ್ದಾಗಿದ್ದರೆ ನಾಲ್ಕು ವರ್ಷದ ಮಗುವಿಗೆ ಕೊಡಲು ನಾನು ಇನ್ನೂ ಜಾಸ್ತಿ ಹೆದರುತ್ತಿದ್ದೆ. ಕೋಶಗಳಲ್ಲಿ ಮುಚ್ಚಿರಬೇಕಾದ್ದು ಮುಚ್ಚಿರುವುದರಿಂದಲೇ ನಾವು ಬದುಕಿದ್ದೇವೆ.

ತುಪ್ಪದ ಮಾತು. ಬ್ಯುಟಿರೇಟ್‌ಗೆ ಹೆಸರು ಬಂದದ್ದೇ ಬೆಣ್ಣೆಯಿಂದ. ಅದು ಹಿಸ್ಟೋನ್ ಸಡಿಲಿಸುವ ಗುಣದ್ದು ಅನ್ನುವುದೂ ಹೌದು. 1990ರ ದಶಕದಲ್ಲಿ ಅದನ್ನು ರೋಗಿಗಳ ರಕ್ತನಾಳಕ್ಕೆ ಗಂಟೆಗಟ್ಟಲೆ ಡ್ರಿಪ್ ಹಾಕಿ ನೋಡಿದರು. ಕೆಲವರಿಗೆ ಗಾಮಾ ಏರಿತು, ಹಲವರಿಗೆ ಏರಲಿಲ್ಲ, ದಿನಬಳಕೆಯ ಚಿಕಿತ್ಸೆಯಾಗಿ ಅದು ನಿಲ್ಲಲಿಲ್ಲ. ತುಪ್ಪದಲ್ಲಿರುವ ಚೂರುಪಾರು ಜೀರ್ಣವಾಗುವಾಗಲೇ ಕರಗಿಹೋಗುತ್ತದೆ, ಮಜ್ಜೆಯವರೆಗೆ ಹೋಗಿ ಕೆಲಸ ಮಾಡುವಷ್ಟು ಉಳಿಯುವುದಿಲ್ಲ. ಅನ್ನದ ಮೇಲೆ ಒಂದು ಚಮಚ ತುಪ್ಪ ಹಾಕಿ ಕೊಡಿ, ರುಚಿಗೆ. ಔಷಧಿ ಅಂತ ಬೇಡ.

ಪುಡಿಯನ್ನು ಇವತ್ತಿನಿಂದಲೇ ನಿಲ್ಲಿಸಿ. ಬೀಟಾ ಜೀನ್ ಕಾರಣಕ್ಕಲ್ಲ, ಕಬ್ಬಿಣದ ಕಾರಣಕ್ಕೆ. ‘ರಕ್ತ ಹೆಚ್ಚಿಸುವ’ ಪುಡಿಗಳಲ್ಲಿ ಕಬ್ಬಿಣ ಇರುವುದು ಮಾಮೂಲು, ಕೆಲವದರಲ್ಲಿ ಸೀಸದಂಥ ಲೋಹವೂ ಸಿಗುತ್ತದೆ. ನನ್ನ ಹತ್ತಿರ ಸಲಹೆಗೆ ಬಂದ ಒಂದು ಮಗುವಿನ ಮನೆಯವರು ಇಂಥದ್ದೇ ಪುಡಿ ನಂಬಿ ಎರಡು ತಿಂಗಳು ರಕ್ತ ತಪ್ಪಿಸಿದ್ದರು. ಮಗು ಬಂದಾಗ ಉಗುರು ಕಾಗದದ ಬಣ್ಣದಲ್ಲಿತ್ತು, ಮಾತಾಡಿದರೆ ಏದುಸಿರು. ರಕ್ತ ಹಾಕಿದ ಮೇಲೆ ಚೇತರಿಸಿಕೊಂಡಿತು. ಆ ತಾಯಿ ಮಾತ್ರ ತನ್ನನ್ನು ತಾನು ಕ್ಷಮಿಸಿಕೊಳ್ಳಲು ತುಂಬಾ ದಿನ ಹಿಡಿಯಿತು. ಈಗಾಗಲೇ ಎಷ್ಟು ದಿನ ಕೊಟ್ಟಿದ್ದೀರಿ ಅನ್ನುವುದನ್ನು ನಿಮ್ಮ ಡಾಕ್ಟರಿಗೆ ಮುಚ್ಚುಮರೆಯಿಲ್ಲದೆ ಹೇಳಿ, ಡಬ್ಬಿಯನ್ನೂ ತೆಗೆದುಕೊಂಡು ಹೋಗಿ.

ಹಾಗಾದರೆ ನಿಜವಾಗಿ ಏನು ಮಾಡಬಹುದು?

ಈಗ ಮಾಡುತ್ತಿರುವುದನ್ನೇ ಚೆನ್ನಾಗಿ ಮಾಡುವುದು ಮೊದಲನೆಯದು. ರಕ್ತ ಹಾಕುವ ಮುಂಚೆಯೂ ಹಿಮೋಗ್ಲೋಬಿನ್ 9.5ರ ಆಸುಪಾಸಿನಲ್ಲಿ ಇರಬೇಕು. ಅದಕ್ಕಿಂತ ತುಂಬಾ ಕೆಳಗೆ ಬಿಟ್ಟರೆ ಮಜ್ಜೆ ಹಿಗ್ಗಿ ಮುಖದ ಮೂಳೆ ಬದಲಾಗುತ್ತದೆ, ಗುಲ್ಮ ಊದಿಕೊಳ್ಳುತ್ತದೆ. ಹತ್ತು ಇಪ್ಪತ್ತು ಸಲ ರಕ್ತ ಹಾಕಿದ ಮೇಲೆ, ಅಥವಾ ಫೆರಿಟಿನ್ (ಮೈಯಲ್ಲಿ ಕೂಡಿದ ಕಬ್ಬಿಣ ಎಷ್ಟು ಅಂತ ತಿಳಿಸುವ ರಕ್ತಪರೀಕ್ಷೆ) 1000 ದಾಟಿದಾಗ ಕಬ್ಬಿಣ ಇಳಿಸುವ ಔಷಧಿ ಶುರು ಮಾಡುತ್ತಾರೆ. ನಿಮ್ಮ ಕಾಗದದಲ್ಲಿ ಆ ಔಷಧಿಯ ಹೆಸರೇ ಇಲ್ಲ, ನನಗೆ ಚಿಂತೆ ಹತ್ತಿದ್ದು ಅಲ್ಲಿ. ಮುಂದಿನ ಸಲ ಹೋದಾಗ ಕೇಳುವ ಮೊದಲ ಪ್ರಶ್ನೆ ಅದೇ ಆಗಿರಲಿ. ಕಬ್ಬಿಣ ಇಳಿಸುವ ಔಷಧಿಗಳಲ್ಲಿ ಡಿಫೆರಾಸಿರಾಕ್ಸ್ ಕೊಟ್ಟರೆ ಕಿಡ್ನಿ, ಲಿವರ್ ಪರೀಕ್ಷೆ ಆಗಾಗ ಬೇಕು, ಡಿಫೆರಿಪ್ರೋನ್ ಆದರೆ ಬಿಳಿ ಕಣದ ಎಣಿಕೆ ಮೇಲೆ ಕಣ್ಣಿಡಬೇಕು.

ಗಾಮಾ ಹೆಚ್ಚಿಸುವ ಗುಳಿಗೆಗಳಲ್ಲಿ ಹೈಡ್ರಾಕ್ಸಿಯೂರಿಯಾ ಹಳೆಯದು. ಅಮೆರಿಕದಲ್ಲಿ 1998ರಲ್ಲೇ ಸಿಕಲ್ ಸೆಲ್ ಕಾಯಿಲೆಗೆ ಅನುಮತಿ ಸಿಕ್ಕಿತು, ನಮ್ಮಲ್ಲೂ ಅದಕ್ಕೆ ಕೊಡುತ್ತಾರೆ. ಥಲಸ್ಸೀಮಿಯಾದಲ್ಲಿ ಸ್ವಲ್ಪ ಸೌಮ್ಯ ರೂಪದವರಿಗೆ ಸಹಾಯ ಆಗುತ್ತದೆ. ಮೂರು ವಾರಕ್ಕೊಮ್ಮೆ ರಕ್ತ ಬೇಕಾಗುವ ಮೇಜರ್‌ನಲ್ಲಿ ಆಸೆ ಕಡಿಮೆ ಇಟ್ಟುಕೊಳ್ಳಿ. ಬಿಳಿ ಕಣ ಇಳಿಯುವ ಅಪಾಯ ಇದೆ, ರಕ್ತಪರೀಕ್ಷೆ ಇಲ್ಲದೆ ಕೊಡುವ ಔಷಧಿಯೇ ಅಲ್ಲ. ಕೆಲವರು ಥಾಲಿಡೋಮೈಡ್ ಕೊಡುತ್ತಾರೆ. ರಕ್ತ ಹೆಪ್ಪುಗಟ್ಟುವುದು, ನರ ಜೋಮು ಹಿಡಿಯುವುದು, ಮುಂದೆ ಹೆಣ್ಣುಮಕ್ಕಳಲ್ಲಿ ಗರ್ಭದ ಮಗುವಿಗೆ ಭಾರಿ ಹಾನಿ, ಇವು ಅದರ ಅಪಾಯಗಳು. ನಿಮ್ಮ ಮಗಳ ವಯಸ್ಸಿಗೆ ನಾನು ಅದನ್ನು ಹೇಳುವುದಿಲ್ಲ.

ಪೂರ್ತಿ ಗುಣ ಮಾಡುವುದು ಅಂದರೆ ಇವತ್ತಿಗೆ ಮಜ್ಜೆ ಕಸಿ. ಒಡಹುಟ್ಟಿದವರ ಜೊತೆ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಚಿಕ್ಕ ವಯಸ್ಸು, ಲಿವರ್ ಚೆನ್ನಾಗಿರುವುದು, ಹೊಂದುವ ಅಣ್ಣ ತಮ್ಮ ಅಕ್ಕ ತಂಗಿ ಇರುವುದು, ಇಷ್ಟಿದ್ದರೆ ಹತ್ತರಲ್ಲಿ ಎಂಟು ಒಂಬತ್ತು ಮಕ್ಕಳು ರಕ್ತ ಹಾಕಿಸಿಕೊಳ್ಳುವುದರಿಂದ ಪಾರಾಗುತ್ತಾರೆ. ಆದರೆ ಮುಂಚೆ ಕಟುವಾದ ಕೀಮೋ ಕೊಡಬೇಕು. ಸೋಂಕು, ದಾನಿಯ ಕೋಶಗಳು ಮಗುವಿನ ಮೈಮೇಲೆಯೇ ತಿರುಗಿಬೀಳುವುದು, ಮುಂದೆ ಮಕ್ಕಳಾಗದಿರುವುದು, ಅಪರೂಪಕ್ಕೆ ಜೀವಕ್ಕೇ ಅಪಾಯ, ಎಲ್ಲವನ್ನೂ ಕೂತು ಕೇಳಿ ತಿಳಿದುಕೊಂಡ ಮೇಲೆ ಒಪ್ಪಿ. ಖರ್ಚಿಗೆ ಕೋಲ್ ಇಂಡಿಯಾ ಹಣದಿಂದ ನಡೆಯುವ ‘ಥಲಸ್ಸೀಮಿಯಾ ಬಾಲ ಸೇವಾ ಯೋಜನೆ’ ಇದೆ. ಅರ್ಹ ಮಕ್ಕಳಿಗೆ 10 ಲಕ್ಷ ರೂಪಾಯಿವರೆಗೆ ಸಹಾಯ ಸಿಗುತ್ತದೆ, ನಿಮ್ಮ ಡಾಕ್ಟರ ಹತ್ತಿರ ವಿಚಾರಿಸಿ.

ಇನ್ನೊಂದು, ಮುಚ್ಚಿದ ಗಾಮಾವನ್ನು ಸರಿಯಾಗಿ ತೆರೆದ ಚಿಕಿತ್ಸೆ. ಗಾಮಾ ಮುಚ್ಚುವ ಮುಖ್ಯ ಕೈ ಬಿಸಿಎಲ್11ಎ ಅನ್ನುವ ಪ್ರೋಟೀನ್ ಅಂತ 2008ರಲ್ಲಿ ಬಾಸ್ಟನ್‌ನ ಸ್ಟುವರ್ಟ್ ಆರ್ಕಿನ್ ಮತ್ತು ವಿಜಯ್ ಶಂಕರನ್ ತೋರಿಸಿದರು. ಅದನ್ನೇ ತೆಗೆದುಹಾಕಿದರೆ ಆಯಿತಲ್ಲ ಅನಿಸುತ್ತದೆ. ಆಗಲ್ಲ. ಮಿದುಳು ಬೆಳೆಯಲು, ಬಿಳಿ ಕಣಗಳಿಗೆ ಅದು ಬೇಕೇ ಬೇಕು. 2013ರಲ್ಲಿ ಇನ್ನೊಂದು ಸಂಗತಿ ಸಿಕ್ಕಿತು. ಆ ಜೀನ್‌ನ ಒಳಗೆ ಕೆಂಪು ಕಣದ ವಂಶದಲ್ಲಿ ಮಾತ್ರ ಕೆಲಸ ಮಾಡುವ ಒಂದು ಸ್ವಿಚ್ ಇದೆ, ಮಿಕ್ಕ ಕೋಶಗಳು ಆ ಸ್ವಿಚ್ ಬಳಸುವುದೇ ಇಲ್ಲ. ಕ್ರಿಸ್ಪರ್ ಅನ್ನುವ ಡಿಎನ್‌ಎ ಕತ್ತರಿಯಿಂದ ಅಷ್ಟನ್ನು ಮಾತ್ರ ಕೆಡಿಸಿದರೆ ಕೆಂಪು ಕಣದಲ್ಲಿ ಬಿಸಿಎಲ್11ಎ ಇಳಿಯುತ್ತದೆ, ಗಾಮಾ ಮತ್ತೆ ಏಳುತ್ತದೆ, ಮಿದುಳು ತನ್ನ ಪಾಡಿಗೆ ಇರುತ್ತದೆ. ಮೈಯ ಒಂದೊಂದು ಕೋಶ ತನಗೆ ಬೇಕಾದದ್ದನ್ನು ಮಾತ್ರ ತೆರೆದಿಡುತ್ತದೆ ಅನ್ನುವ ಗುಣವನ್ನೇ ಹಿಡಿದು ಮಾಡಿದ ಔಷಧಿ ಇದು. ನನ್ನ ವೃತ್ತಿಯಲ್ಲಿ ಇದಕ್ಕಿಂತ ಚೆಂದದ್ದು ನಾನು ನೋಡಿಲ್ಲ. ಕ್ಯಾಸ್ಜೆವಿ ಅಂತ ಹೆಸರು. 2023ರ ನವೆಂಬರಿನಲ್ಲಿ ಬ್ರಿಟನ್ ಒಪ್ಪಿಗೆ ಕೊಟ್ಟಿತು, ಥಲಸ್ಸೀಮಿಯಾಗೆ ಅಮೆರಿಕ 2024ರ ಜನವರಿಯಲ್ಲಿ. ಆ ಒಪ್ಪಿಗೆ 12 ವರ್ಷ ಮೇಲ್ಪಟ್ಟವರಿಗೆ. ಬೆಲೆ ಅಮೆರಿಕದಲ್ಲಿ 22 ಲಕ್ಷ ಡಾಲರ್, ನಮ್ಮ ಲೆಕ್ಕದಲ್ಲಿ 18 ಕೋಟಿಗೂ ಜಾಸ್ತಿ. ಇದಕ್ಕೂ ಮುಂಚೆ ಕೀಮೋ ಬೇಕು. ಇವತ್ತು ನಿಮ್ಮ ಕೈಗೆ ಎಟುಕುವುದಲ್ಲ ಅಂತ ಗೊತ್ತು. ಆದರೂ ಹೇಳಿದೆ, ಯಾಕೆಂದರೆ ಮಗಳಿಗೆ ನಾಲ್ಕೇ ವರ್ಷ. ಲಿವರ್, ಹೃದಯ ಕಬ್ಬಿಣದಿಂದ ಕೆಡದಂತೆ ಈಗ ಕಾಪಾಡಿದರೆ ಮುಂದೆ ಯಾವ ಚಿಕಿತ್ಸೆ ಬಂದರೂ ಅವಳು ಅದಕ್ಕೆ ತಯಾರಿರುತ್ತಾಳೆ.

ಎರಡನೇ ಮಗುವಿನ ವಿಷಯ. ನೀವಿಬ್ಬರೂ ವಾಹಕರು, ಅಂದರೆ ದೋಷದ ಒಂದು ಪ್ರತಿ ಇದ್ದೂ ಕಾಯಿಲೆ ಇಲ್ಲದವರು, ಹಾಗಾಗಿ ಪ್ರತಿ ಗರ್ಭದಲ್ಲೂ ನಾಲ್ಕರಲ್ಲಿ ಒಂದು ಅಪಾಯ, ಮೊದಲನೆಯದಕ್ಕೆ ಹೀಗಾಯಿತು ಅಂತ ಎರಡನೆಯದಕ್ಕೆ ಕಡಿಮೆ ಆಗುವುದಿಲ್ಲ. ಕಾಯಿಲೆ ಇಲ್ಲದ, ಜೊತೆಗೆ ಅಕ್ಕನಿಗೆ ಮಜ್ಜೆ ಹೊಂದುವ ಮಗು ಆಗುವ ಸಾಧ್ಯತೆ 16ರಲ್ಲಿ 3. ಆ ಒಂದೇ ಆಸೆಗೆ ಮಗು ಬೇಕು ಅಂದುಕೊಳ್ಳಬೇಡಿ, ನಿಮಗೆ ಮಗು ಬೇಕಿದ್ದರೆ ಮಾಡಿಕೊಳ್ಳಿ. ಮಾಸದಿಂದ, ಅಂದರೆ ಗರ್ಭದಲ್ಲಿ ಮಗುವಿನ ಹೊಕ್ಕುಳಬಳ್ಳಿ ಕೂಡುವ ಭಾಗದಿಂದ, ಚೂರು ತೆಗೆದು 11ರಿಂದ 13ನೇ ವಾರದಲ್ಲಿ ಪರೀಕ್ಷೆ ಮಾಡಬಹುದು. ಬೀಟಾ ಗ್ಲೋಬಿನ್ ಮಾಡುವುದು ಮಾಸದ ಕೆಲಸ ಅಲ್ಲ, ಆದರೆ ಜೀನ್ ಅಲ್ಲೂ ಮಡಿಸಿ ಇಟ್ಟಿದೆ, ಮಗಳ ಕೆನ್ನೆಯಲ್ಲಿ ಸಿಕ್ಕ ಹಾಗೇ ಅಲ್ಲೂ ಓದಲು ಸಿಗುತ್ತದೆ. ಪಳಗಿದವರ ಕೈಯಲ್ಲಿ ಗರ್ಭ ಇಳಿಯುವ ಅಪಾಯ ನೂರಕ್ಕೆ ಒಂದಕ್ಕಿಂತ ಕಡಿಮೆ. ಫಲಿತಾಂಶ ಬಂದ ಮೇಲೆ ಏನು ಮಾಡುವುದು ಅನ್ನುವ ನಿರ್ಧಾರ ನಿಮ್ಮಿಬ್ಬರದೇ.

ಅದಕ್ಕೆ ಮಗಳ ಕೆನ್ನೆಯ ವರದಿ, ನಿಮ್ಮಿಬ್ಬರ ಜೀನ್ ವರದಿ ಮೂರೂ ಮುಂಚೆಯೇ ಕೈಯಲ್ಲಿರಬೇಕು. ನಿಮ್ಮಿಬ್ಬರದು ಇನ್ನೂ ಆಗಿಲ್ಲದಿದ್ದರೆ ಈ ತಿಂಗಳೇ ಮಾಡಿಸಿಕೊಳ್ಳಿ. ಗರ್ಭ ನಿಂತಿದೆ ಅಂತ ಗೊತ್ತಾದ ವಾರವೇ ಜೆನೆಟಿಕ್ಸ್ ವಿಭಾಗ ಇರುವ ಆಸ್ಪತ್ರೆಗೆ ಹೋಗಿ ದಿನ ಗೊತ್ತು ಮಾಡಿಸಿ. ಮೂರನೇ ತಿಂಗಳು ಕಳೆದ ಮೇಲೆ ಬಂದ ದಂಪತಿಗಳನ್ನು ನಾನು ತುಂಬಾ ನೋಡಿದ್ದೇನೆ, ಆಗ ಎಲ್ಲವೂ ಅವಸರದಲ್ಲಿ ಆಗುತ್ತದೆ.